ನಾಲ್ಕು ಜನಕ್ಕೆ ರೂಮು, ಕಾರಲ್ಲಿ ಇನ್ನಿಬ್ಬರು

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಯ್ತು. ಬರೆಯೋಣ ಅಂತ ಕೂತಾಗಲೆಲ್ಲ ಏನಾದರೊಂದು ಕೆಲಸ ಗಂಟು ಬೀಳುತ್ತದೆ. ಈ ಸಲ ಬರೆಸಿದ್ದು ಒಂದು ಫೋನ್ ಕರೆ.

ಹೋದ ಶನಿವಾರ ಗೆಳೆಯನೊಬ್ಬ ಫೋನ್ ಮಾಡಿದ್ದ. ಊರಿಂದ ಅವನ ಅಪ್ಪ ಅಮ್ಮ ಬರ್ತಿದ್ದಾರಂತೆ, ಗ್ರ್ಯಾಂಡ್ ಕ್ಯಾನಿಯನ್ ತೋರಿಸಬೇಕಂತೆ. "ನೀನು ಹೋಗಿದ್ದೆಯಲ್ಲ ಗುರೂ, ಅಲ್ಲಿ ಹತ್ತಿರದಲ್ಲಿ ಕಡಿಮೆ ರೇಟಿಗೆ ಮೋಟೆಲ್ ಎಲ್ಲಿ ಸಿಗುತ್ತೆ ಹೇಳು" ಅಂದ. ಹೇಳಿದೆ. ಫೋನ್ ಇಡೋ ಮುಂಚೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದ. "ನಾವು ಆರು ಜನ ಆಗ್ತೀವಿ. ನಾಲ್ಕು ಜನ ಅಂತ ಬುಕ್ ಮಾಡಿದ್ರೆ ನಡೆಯುತ್ತೆ ತಾನೆ? ಯಾರು ಬಂದು ಎಣಿಸ್ತಾರೆ?"

ಅಮೆರಿಕದಲ್ಲಿರೋ ನಮ್ಮವರಲ್ಲಿ ಈ ಪ್ರಶ್ನೆ ಕೇಳದೇ ಇರೋರು ಕಡಿಮೆ. ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿದಾಗ, "ನಾವು ಒಂದೇ ರೂಮಲ್ಲಿ ಎಂಟು ಜನ ಇದ್ವಿ, ಗೊತ್ತೇ ಆಗಲಿಲ್ಲ ಅವರಿಗೆ" ಅಂತ ಹೇಳಿಕೊಂಡು ನಗೋದನ್ನ ನೀವೂ ಕೇಳಿರುತ್ತೀರಿ. ನಾನೂ ನಕ್ಕಿದ್ದೇನೆ. ನಾನೂ ಮಾಡಿದ್ದೇನೆ. ಅದಕ್ಕೇ ಇದನ್ನ ಬರೀತಿರೋದು.

ಮೊದಲು ಊರಲ್ಲಿ ಕೂತು ಓದೋ ಗೆಳೆಯರಿಗಾಗಿ ಸ್ವಲ್ಪ ಹೇಳಿಬಿಡ್ತೀನಿ. ನಮ್ಮಲ್ಲಿ ಹೋಟೆಲ್ ಅಂದ್ರೆ ಇಡ್ಲಿ ವಡೆ, ಉಳಿಯೋಕೆ ಲಾಡ್ಜ್. ಇಲ್ಲಿ ಹೋಟೆಲ್ ಅಂದ್ರೇನೇ ಉಳಿಯೋ ಜಾಗ. ಅದರ ಬಡ ತಮ್ಮ ಮೋಟೆಲ್. ಮೋಟಾರು, ಹೋಟೆಲು ಎರಡನ್ನೂ ಸೇರಿಸಿ ಹುಟ್ಟಿಸಿದ ಹೆಸರು ಇದು. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋ ಎಂಬ ಊರಲ್ಲಿ ಆರ್ಥರ್ ಹೈನ್‌ಮನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ತಂಗುದಾಣಕ್ಕೆ ಮೊದಲು ಈ ಹೆಸರು ಬಂತು. ಕಾರನ್ನ ರೂಮಿನ ಬಾಗಿಲ ಮುಂದೇ ನಿಲ್ಲಿಸಬಹುದು, ಲಾಬಿ ದಾಟಬೇಕಾಗಿಲ್ಲ, ಸಾಮಾನು ಹೊರೋ ಹುಡುಗನಿಗೆ ಟಿಪ್ಸ್ ಕೊಡಬೇಕಾಗಿಲ್ಲ. 1962ರಲ್ಲಿ ಸಾಂಟಾ ಬಾರ್ಬರಾದಲ್ಲಿ ಶುರುವಾದ ಮೋಟೆಲ್ 6ರ ಹೆಸರಲ್ಲಿರೋ ಆರು ಬೇರೇನಲ್ಲ, ಆಗಿನ ಒಂದು ರಾತ್ರಿಯ ಬಾಡಿಗೆ, ಆರು ಡಾಲರ್! ಅದೇ ಮೋಟೆಲ್ 6ನ್ನ 2024ರಲ್ಲಿ ನಮ್ಮ ಓಯೋದವರು ಕೊಂಡುಕೊಂಡರು. ಕಾಲಚಕ್ರ ನೋಡಿ :-)

ಈಗ ಗೆಳೆಯನ ಮೊದಲ ಪ್ರಶ್ನೆಗೆ ಬರೋಣ, ಅಗ್ಗದ ಮೋಟೆಲ್ ಎಲ್ಲಿ ಅಂತ.

ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗೋರಲ್ಲಿ ಹೆಚ್ಚಿನವರು ನೋಡೋದು ದಕ್ಷಿಣದ ಅಂಚು, ಸೌತ್ ರಿಮ್. ಪಾರ್ಕಿನ ಒಳಗೇ ಉಳಿಯೋ ವಸತಿಗಳಿವೆ, ಆದರೆ ಬೇಸಿಗೆ ರಜೆಯಲ್ಲಿ ಅಲ್ಲಿ ರೂಮು ಬೇಕಿದ್ರೆ ತಿಂಗಳುಗಟ್ಟಲೆ ಮುಂಚೆ ಎದ್ದಿರಬೇಕು. (ಉತ್ತರದ ಅಂಚಲ್ಲಿದ್ದ ಹಳೆಯ ಲಾಡ್ಜ್ 2025ರ ಜುಲೈ ತಿಂಗಳ ಕಾಡ್ಗಿಚ್ಚಿನಲ್ಲಿ ಸುಟ್ಟೇ ಹೋಯ್ತು.) ಗೇಟಿನ ಹೊರಗೆ ಕಾಲಿಟ್ಟರೆ ಟುಸಾಯನ್ ಅನ್ನೋ ಪುಟ್ಟ ಊರು. ಸುಮಾರು ಆರುನೂರು ಜನ ಇರೋ ಊರು, ಸುತ್ತ ಸರ್ಕಾರಿ ಕಾಡು, ಬೆಳೆಯೋಕೆ ಜಾಗವಿಲ್ಲ. ಬರೋರು ಲಕ್ಷಗಟ್ಟಲೆ. ಹಾಗಾಗಿ ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಇಳಿದು ಬಂದರೆ, ಸೌತ್ ರಿಮ್‌ನಿಂದ ಸುಮಾರು ಅರವತ್ತು ಮೈಲಿ ದೂರದಲ್ಲಿ ವಿಲಿಯಮ್ಸ್ ಸಿಗುತ್ತದೆ. ಮೂರು ಸಾವಿರ ಚಿಲ್ಲರೆ ಜನರ ಊರು. ಊರು ಸಣ್ಣದಾದರೂ ಮೋಟೆಲುಗಳು ಸಾಲು ಸಾಲು. ಯಾಕೆ ಗೊತ್ತಾ? ಹಳೆಯ ರೂಟ್ 66 ಹೆದ್ದಾರಿ ಈ ಊರಿನ ಮಧ್ಯದಲ್ಲೇ ಹಾದುಹೋಗುತ್ತಿತ್ತು. ಶಿಕಾಗೋ ಕಡೆಯಿಂದ ಲಾಸ್ ಏಂಜಲಿಸ್‌ಗೆ ಹೋಗೋರೆಲ್ಲ ಇಲ್ಲೇ ಹಾದು ಹೋಗಬೇಕಿತ್ತು. ಆಮೇಲೆ ಐ-40 ಅನ್ನೋ ದೊಡ್ಡ ರಸ್ತೆ ಬಂತು. ಊರೂರನ್ನೇ ಪಕ್ಕಕ್ಕೆ ತಳ್ಳಿ ಬೈಪಾಸ್ ಆಯ್ತು. ರೂಟ್ 66ರ ಊರುಗಳಲ್ಲಿ ಕೊನೆಗೆ ಬೈಪಾಸ್ ಆಗಿದ್ದು ಇದೇ ವಿಲಿಯಮ್ಸ್, 1984ರ ಅಕ್ಟೋಬರ್ 13ರಂದು. ಬೈಪಾಸ್ ಆದ ಮೇಲೆ ನಮ್ಮ ಬೆಂಗಳೂರು-ಮೈಸೂರು ರಸ್ತೆಯ ರಾಮನಗರ, ಮದ್ದೂರುಗಳ ಹೋಟೆಲಿನವರು ಏನು ಅನುಭವಿಸಿದರು ಅಂತ ನೆನೆಸಿಕೊಳ್ಳಿ, ಅರ್ಥವಾಗುತ್ತದೆ. ಹೆದ್ದಾರಿ ಪಕ್ಕಕ್ಕೆ ಸರಿಯಿತು, ಮೋಟೆಲುಗಳು ಉಳಿದುಕೊಂಡವು. ಕ್ಯಾನಿಯನ್‌ಗೆ ಹೋಗೋರನ್ನ ನಂಬಿಕೊಂಡು ಬದುಕಿಕೊಂಡವು. ರೂಮು ಹೆಚ್ಚು, ಪೈಪೋಟಿ ಹೆಚ್ಚು, ಹಾಗಾಗಿ ರೇಟು ಕಡಿಮೆ.

ಅಮೆರಿಕದಲ್ಲಿ ಎಲ್ಲಿಗೇ ಹೋಗಲಿ, ನಾನು ಕಲಿತ ಪಾಠ ಇದು. ನೋಡಬೇಕಾದ ಜಾಗದ ಬಾಗಿಲಲ್ಲಿರೋ ಊರಲ್ಲಿ ಉಳಿಯಬೇಡಿ. ಒಂದು ಗಂಟೆ ಹಿಂದೆ, ಹಳೆಯ ಹೆದ್ದಾರಿಯ ಮೇಲಿರೋ ಊರು ಹುಡುಕಿ.

ಇನ್ನು ಎರಡನೇ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ನನ್ನದೇ ಕತೆ ಹೇಳಬೇಕು.

2014ರ ಜೂನ್. ಅಪ್ಪ ಅಮ್ಮ ಬಂದಿದ್ದರು. ಅಪ್ಪ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಮಗಳಿಗೆ ಆಗ ಏಳು, ಮಗನಿಗೆ ನಾಲ್ಕು. ಲಾಸ್ ಏಂಜಲಿಸ್‌ನಿಂದ ಬೆಳಗ್ಗೆ ಹೊರಟು ಬಾರ್‌ಸ್ಟೋ, ನೀಡಲ್ಸ್, ಕಿಂಗ್‌ಮನ್ ದಾಟಿ ವಿಲಿಯಮ್ಸ್ ಸೇರೋ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಟುಸಾಯನ್‌ನಲ್ಲಿ ಒಂದು ರೂಮಿಗೆ ಇನ್ನೂರ ಇಪ್ಪತ್ತು ಡಾಲರ್ ಅಂದಿದ್ದರು. ವಿಲಿಯಮ್ಸ್‌ನಲ್ಲಿ ಎರಡು ದೊಡ್ಡ ಮಂಚದ ರೂಮು ಎಪ್ಪತ್ತೈದಕ್ಕೆ ಸಿಕ್ಕಿತ್ತು. ಗರಿಷ್ಠ ನಾಲ್ಕು ಜನ ಅಂತ ಬರೆದಿತ್ತು. ನಾನು ನಾಲ್ಕು ಜನ ಅಂತಲೇ ಬುಕ್ ಮಾಡಿದ್ದೆ. ಡಿಕ್ಕಿಯಲ್ಲಿ ಎರಡು ಚಾಪೆ, ಹೊದಿಕೆ, ಅನ್ನದ ಕುಕ್ಕರು ಎಲ್ಲ ಇತ್ತು.

ಕಾರನ್ನ ಆಫೀಸಿನ ಬೆಳಕು ಬೀಳದ ಕಡೆ ನಿಲ್ಲಿಸಿದೆ. "ಅಪ್ಪಾ, ನೀವಿಬ್ಬರೂ ಇಲ್ಲೇ ಕೂತಿರಿ. ಒಳಗಿನ ಲೈಟು ಹಾಕ್ಬೇಡಿ. ನಾವು ಕೀ ತಗೊಂಡು ಬಂದ್ಬಿಡ್ತೀವಿ" ಅಂದೆ.

ಅಪ್ಪ ಯಾಕೆ ಅಂತ ಕೇಳಲಿಲ್ಲ. ಸುಮ್ಮನೆ ಹ್ಞೂಂ ಅಂದರು.

ವಿಲಿಯಮ್ಸ್ ಇರೋದು ಆರೂವರೆ ಸಾವಿರ ಅಡಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಎತ್ತರ! ಮಧ್ಯಾಹ್ನ ನೀಡಲ್ಸ್‌ನಲ್ಲಿ ಬೆಂದುಹೋಗಿದ್ದ ನಮಗೆ ರಾತ್ರಿ ಇಲ್ಲಿ ಸ್ವೆಟರ್ ಬೇಕಾಗುತ್ತೆ ಅಂತ ಹೊಳೆದಿರಲಿಲ್ಲ. ಕಾರಿನ ಎಂಜಿನ್ ಆಫ್ ಮಾಡಿ ಬಂದಿದ್ದೆ.

ಕೌಂಟರಲ್ಲಿ ಗುಜರಾತಿ. ಐವತ್ತು ವರ್ಷದ ಆಸುಪಾಸು. "ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು, ಅಷ್ಟೇ ತಾನೆ?" ಅಂತ ಕೇಳಿದರು. ಅಷ್ಟೇ ಅಂದೆ. ಸಹಿ ಹಾಕ್ತಾ ಇದ್ದೆ. ಹಿಂದೆ ಬಾಗಿಲು ತೆರೆದ ಸದ್ದಾಯ್ತು. ತಿರುಗಿ ನೋಡಿದರೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಒಬ್ಬ ಅಜ್ಜಿ, ಅವರ ಕೈ ಹಿಡಿದುಕೊಂಡು ನಮ್ಮಮ್ಮ, ಹಿಂದೆ ಅಪ್ಪ! ಆ ಅಜ್ಜಿ ಮಾಲೀಕರ ತಾಯಿ. ಬಟ್ಟೆ ಒಗೆಯೋ ಕೋಣೆಗೆ ಬೀಗ ಹಾಕೋಕೆ ಹೊರಗೆ ಬಂದವರು ಕತ್ತಲಲ್ಲಿ ಕಾರಲ್ಲಿ ನಡುಗುತ್ತಾ ಕೂತಿದ್ದ ಅಮ್ಮನನ್ನ ನೋಡಿದ್ದಾರೆ. ಗಾಜು ತಟ್ಟಿ ಇಳಿಸಿಕೊಂಡು ಬಂದಿದ್ದಾರೆ. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಗುಜರಾತಿ ಬಾರದು. ಹತ್ತು ನಿಮಿಷದಲ್ಲಿ ಇಬ್ಬರೂ ಕೌಂಟರಿನ ಹಿಂದಿನ ಮನೆಯಲ್ಲಿ ಚಹಾ ಕುಡೀತಾ ಕೂತಿದ್ದರು.

ನನ್ನ ಮುಖ ಹೇಗಾಗಿರಬೇಡ.

ಮಾಲೀಕರು ರೇಗಲಿಲ್ಲ. ನಾನು ಸಹಿ ಮಾಡಿದ ಕಾಗದವನ್ನ ಪಕ್ಕಕ್ಕಿಟ್ಟು, "ಮುಂಚೇನೇ ಫೋನ್ ಮಾಡಿ ಆರು ಜನ ಅಂದಿದ್ರೆ ಕೆಳಗಡೆ ಒಳಗಿಂದಲೇ ಬಾಗಿಲಿರೋ ಎರಡು ರೂಮು ಇಟ್ಟಿರ್ತಿದ್ದೆ. ಸಾಯಂಕಾಲ ಬೇರೆಯವರಿಗೆ ಹೋಯ್ತು. ಈಗ ಮಾಳಿಗೆ ಮೇಲೆ ಒಂದು ಸಣ್ಣ ರೂಮಿದೆ, ಐವತ್ತೈದಕ್ಕೆ ಕೊಡ್ತೀನಿ" ಅಂದರು. ತೆಗೆದುಕೊಂಡೆ. ಎರಡೂ ಸೇರಿ ನೂರ ಮೂವತ್ತು ಪ್ಲಸ್ ತೆರಿಗೆ. ಟುಸಾಯನ್‌ನ ಒಂದೇ ರೂಮಿಗಿಂತ ಆಗಲೂ ತೊಂಬತ್ತು ಡಾಲರ್ ಕಡಿಮೆ. ಅಂದ್ರೆ ನಾನು ಹೇಳಿದ ಸುಳ್ಳಿನ ಬೆಲೆ ಐವತ್ತೈದು ಡಾಲರ್. ಅಷ್ಟಕ್ಕೆ ಅಪ್ಪ ಅಮ್ಮನನ್ನ ಕತ್ತಲಲ್ಲಿ ಕೂರಿಸಿದ್ದೆ.

ಅಪ್ಪ ಆ ರಾತ್ರಿ ಏನೂ ಹೇಳಲಿಲ್ಲ. ಮಾರನೇ ದಿನ ಕ್ಯಾನಿಯನ್ ನೋಡಿ, ಮಕ್ಕಳು ಫೋಟೋ ತೆಗೆಸಿಕೊಳ್ಳೋ ಗಲಾಟೆಯಲ್ಲಿದ್ದಾಗ, ಬೆಂಚಿನ ಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಅಂದರು. "ನಿನ್ನೆ ಕಾರಲ್ಲಿ ಕೂತಿದ್ದಾಗ ನಿಮ್ಮಮ್ಮ ಕೇಳಿದ್ಲು ಕಣೋ, ನಾವು ಬಂದು ಇವನಿಗೆ ಭಾರ ಆದ್ವೇನೋ ಅಂತ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಆಗ ನೆನಪಾಗಿದ್ದು ಬಸ್ಸಿನ ಅರ್ಧ ಟಿಕೇಟು. ನನಗೆ ಹನ್ನೆರಡು ತುಂಬಿದ ಮರುತಿಂಗಳು ಹಾಸನಕ್ಕೆ ಹೊರಟಿದ್ದೆವು. ನಾನು ಕುಳ್ಳ. ಕಂಡಕ್ಟರ್ ಕೇಳದೇ ಅರ್ಧ ಟಿಕೇಟು ಹರಿಯೋಕೆ ಹೊರಟಿದ್ದ. "ಹೋದ ತಿಂಗಳು ಹನ್ನೆರಡು ತುಂಬ್ತು, ಪೂರ್ತಿ ಕೊಡಪ್ಪ" ಅಂದರು ಅಪ್ಪ. ಆ ದುಡ್ಡಲ್ಲಿ ಎರಡು ಬೋಂಡ ಬರ್ತಿತ್ತಲ್ಲ ಅಂತ ನನಗೆ ದಾರಿಯುದ್ದಕ್ಕೂ ಸಿಟ್ಟು. ಅಂಥ ಮನುಷ್ಯನನ್ನ ನಾನು ಕಾರಲ್ಲಿ ಬಚ್ಚಿಟ್ಟಿದ್ದೆ.

ಇಲ್ಲಿ ಕೆಲವರು ಹೇಳ್ತೀರಿ, ನಮ್ಮೂರಲ್ಲಿ ಮದುವೆಗೆ ಹೋದ್ರೆ ಒಂದೇ ರೂಮಲ್ಲಿ ಹದಿನೈದು ಜನ ಮಲಗ್ತಿರಲಿಲ್ವಾ, ಅದರಲ್ಲೇನು ತಪ್ಪು ಅಂತ. ತಪ್ಪೇನಿಲ್ಲ. ಆದರೆ ಅಲ್ಲಿ ನಾವು ಯಾರನ್ನೂ ಬಚ್ಚಿಡ್ತಿರಲಿಲ್ಲ. ಲಾಡ್ಜಿನ ಹುಡುಗನನ್ನ ಕೂಗಿ "ಇನ್ನೆರಡು ಚಾಪೆ ಕೊಡಪ್ಪಾ" ಅಂತ ಕೇಳ್ತಿದ್ದೆವು. ಅವನೂ ಅದಕ್ಕಿಷ್ಟು ಅಂತ ತಗೊಂಡು ಕೊಡ್ತಿದ್ದ. ಇಕ್ಕಟ್ಟಲ್ಲಿ ಮಲಗೋದು ನಮ್ಮ ಪದ್ಧತಿ ಸರಿ. ಕಳ್ಳತನದಲ್ಲಿ ಮಲಗೋದು ಯಾವಾಗ ನಮ್ಮ ಪದ್ಧತಿ ಆಯ್ತು?

ಇನ್ನು ಕೆಲವರು ಮೋಟೆಲಿನವನಿಗೇನು ನಷ್ಟ ಅಂತ ಕೇಳ್ತಾರೆ. ನೀವು ಹೋಗೋ ಸಣ್ಣ ಊರಿನ ಮೋಟೆಲುಗಳಲ್ಲಿ ಎಷ್ಟೋ ಕಡೆ ಕೌಂಟರಿನ ಹಿಂದಿನ ಬಾಗಿಲು ತೆರೆದರೆ ಒಂದು ಸಂಸಾರವಿರುತ್ತದೆ, ಒಗ್ಗರಣೆ ವಾಸನೆ ಬರುತ್ತದೆ. ಗುಜರಾತಿಗಳು 1940ರ ದಶಕದಿಂದಲೇ ಈ ಕಸುಬಿಗೆ ಇಳಿದವರು. ಗಂಡ ಕೌಂಟರಲ್ಲಿ, ಹೆಂಡತಿ ರೂಮು ಗುಡಿಸಿ ಹಾಸಿಗೆ ಬದಲಿಸೋದು, ಮಕ್ಕಳು ಶಾಲೆಯಿಂದ ಬಂದು ಫೋನ್ ಎತ್ತಿಕೊಳ್ಳೋದು, ಹೀಗೇ ಕಟ್ಟಿಕೊಂಡ ಬದುಕು. ಒಂದು ಕಾಲದಲ್ಲಿ ಪಕ್ಕದ ಮೋಟೆಲಿನವರು "ಇದು ಅಮೆರಿಕನ್ನರ ಒಡೆತನದ್ದು" ಅಂತ ಬೋರ್ಡು ಹಾಕಿ ಇವರ ಗಿರಾಕಿಗಳನ್ನ ತಿರುಗಿಸಿಕೊಳ್ಳುತ್ತಿದ್ದರು. 1989ರಲ್ಲಿ ಇವರೆಲ್ಲ ಸೇರಿ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ ಕಟ್ಟಿಕೊಂಡರು. ಈಗ ದೇಶದ ಹೋಟೆಲುಗಳಲ್ಲಿ ಶೇಕಡಾ 60ರಷ್ಟು ತನ್ನ ಸದಸ್ಯರವು ಅನ್ನುತ್ತದೆ ಆ ಸಂಘ. ಮೀರಾ ನಾಯರ್ ಅವರ 1991ರ ಸಿನಿಮಾ 'ಮಿಸ್ಸಿಸ್ಸಿಪ್ಪಿ ಮಸಾಲಾ' ನೋಡಿದ್ದರೆ ಆ ಜೀವನದ ಚಿತ್ರ ಸಿಗುತ್ತದೆ. ಆರು ಜನ ಬಂದರೆ ಆರು ಟವೆಲ್ಲು, ಆರು ಸ್ನಾನದ ಬಿಸಿನೀರು. ಒಗೆಯೋದು ಆ ಸಂಸಾರವೇ. ನಾವು ಮೋಸ ಮಾಡಿದ್ದು ಯಾವುದೋ ದೊಡ್ಡ ಕಂಪನಿಗೆ ಅಂದುಕೊಂಡಿರ್ತೀವಿ, ಮಾಡಿರೋದು ಆ ಅಜ್ಜಿಗೆ.

ಜೊತೆಗೆ ರೂಮಿಗೆ ಇಷ್ಟೇ ಜನ ಅನ್ನೋ ಮಿತಿಗೆ ಬೆಂಕಿ ಅನಾಹುತದ ನಿಯಮಗಳೂ ಕಾರಣ. ರಾತ್ರಿ ಏನಾದರೂ ಆದರೆ ಒಳಗೆ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಕೇಳೋದು ಆ ಪುಸ್ತಕದಿಂದಲೇ. ಅದರಲ್ಲಿ ನನ್ನ ಅಪ್ಪ ಅಮ್ಮನ ಲೆಕ್ಕವೇ ಇಲ್ಲದಂತೆ ಮಾಡಿದ್ದು ನಾನು.

ಹಾಗಂತ ಹೆಚ್ಚು ದುಡ್ಡು ಸುರಿಯಿರಿ ಅಂತ ನಾನು ಹೇಳ್ತಿಲ್ಲ. ಆ ಪ್ರವಾಸದ ನಂತರ ನಾನು ಸುಳ್ಳು ಹೇಳದೇ ಉಳಿತಾಯ ಮಾಡೋದನ್ನ ಕಲಿತೆ. ಗೆಳೆಯನಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ.

ಒಂದು, ನೆಟ್ಟಲ್ಲಿ ರೇಟು ನೋಡಿ, ಆದರೆ ಬುಕ್ ಮಾಡೋ ಮುಂಚೆ ನೇರ ಮೋಟೆಲಿಗೇ ಫೋನ್ ಮಾಡಿ. ಬುಕಿಂಗ್ ಸೈಟುಗಳು ಮಾಲೀಕರಿಂದ ಕಮಿಷನ್ ತಗೊಳ್ತವೆ. ಅದು ಉಳಿಯೋದಾದರೆ ಸ್ವಲ್ಪ ಇಳಿಸೋಕೆ ಅವರೂ ಸಿದ್ಧ ಇರ್ತಾರೆ. ಎಷ್ಟು ಜನ ಅಂತ ನಿಜ ಹೇಳಿ. ಪಕ್ಕಪಕ್ಕದ ರೂಮು, ಮಧ್ಯೆ ಬಾಗಿಲಿರೋ ರೂಮು, ಮಡಿಚೋ ಮಂಚ, ಇವೆಲ್ಲ ಕೇಳಿದವರಿಗೆ ಸಿಗೋ ವಸ್ತುಗಳು.

ಎರಡು, ವಯಸ್ಸಾದವರಿದ್ದರೆ ನೆಲಮಹಡಿ ರೂಮೇ ಬೇಕು ಅಂತ ಹೇಳಿ. ಹಳೆಯ ಮೋಟೆಲುಗಳು ಎರಡಂತಸ್ತು, ಎಷ್ಟೋ ಕಡೆ ಲಿಫ್ಟ್ ಇರಲ್ಲ. ಮಂಡಿನೋವಿನವರಿಗೆ ಹತ್ತು ಡಾಲರ್ ಉಳಿಸಿ ಹದಿನೈದು ಮೆಟ್ಟಿಲು ಕೊಟ್ಟರೆ ಏನು ಬಂತು?

ಮೂರು, ಒಟ್ಟು ಬೆಲೆ ನೋಡಿ. 2025ರ ಮೇ 12ರಿಂದ ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ಹೊಸ ನಿಯಮ ಜಾರಿಯಲ್ಲಿದೆ. ರೆಸಾರ್ಟ್ ಫೀ, ಆ ಫೀ ಈ ಫೀ ಅಂತ ಕಡ್ಡಾಯವಾಗಿ ವಸೂಲಿ ಮಾಡೋದನ್ನೆಲ್ಲ ಮೊದಲೇ ಸೇರಿಸಿ ಬೆಲೆ ತೋರಿಸಬೇಕು. ಆದರೆ ಸರ್ಕಾರದ ತೆರಿಗೆ ಕೊನೆಯಲ್ಲಿ ಸೇರಬಹುದು, ಅದಕ್ಕೆ ಕೊನೆಯ ಪುಟದ ತನಕ ಹೋಗಿಯೇ ಲೆಕ್ಕ ಹಾಕಿ.

ನಾಲ್ಕು, ವಾರದ ಮಧ್ಯೆ ಹೋಗಿ. ಶುಕ್ರವಾರ, ಶನಿವಾರದ ರೇಟಿಗೂ ಮಂಗಳವಾರದ ರೇಟಿಗೂ ಅಜಗಜಾಂತರ. ಅಪ್ಪ ಅಮ್ಮ ಬಂದಿರೋದು ಆರು ತಿಂಗಳಿಗೆ ತಾನೆ, ಅವರಿಗೆ ಶನಿವಾರವೇ ಆಗಬೇಕು ಅಂತೇನಿಲ್ಲ. ರಜೆ ಹಾಕಬೇಕಾದವರು ನಾವು.

ಐದು, ಅನ್ನದ ಕುಕ್ಕರನ್ನೂ ಬಚ್ಚಿಡಬೇಡಿ! ರೂಮಲ್ಲಿ ಕುಕ್ಕರ್ ಇಡಬಹುದಾ ಅಂತ ಕೇಳಿ. ಬೇಡ ಅಂದ್ರೆ ಬೇಡ. ಹಲವು ಕಡೆ ಮೈಕ್ರೋವೇವು, ಪುಟ್ಟ ಫ್ರಿಜ್ಜು ಇರುತ್ತದೆ. ಮನೆಯಿಂದ ಮಾಡಿಕೊಂಡು ಹೋದ ಪುಳಿಯೋಗರೆ ಗೊಜ್ಜು, ಚಪಾತಿ, ಚಟ್ನಿಪುಡಿ ಒಂದೆರಡು ದಿನ ದೂಡುತ್ತವೆ.

ಆರು, ವಿಲಿಯಮ್ಸ್‌ನಂಥ ಊರಾದರೆ ರೈಲು ಹಳಿ ಎಷ್ಟು ದೂರ ಅಂತ ಕೇಳಿ. ಅಲ್ಲಿಂದ ಕ್ಯಾನಿಯನ್‌ಗೆ 1901ರಲ್ಲಿ ಶುರುವಾದ ರೈಲು 1968ರಲ್ಲಿ ನಿಂತು, 1989ರಲ್ಲಿ ಪ್ರವಾಸಿಗಳಿಗಾಗಿ ಮತ್ತೆ ಶುರುವಾಗಿದೆ. ಅದು ಹಗಲಿನ ಮಾತು, ಮಕ್ಕಳಿಗೆ ಖುಷಿ. ಆದರೆ ಐ-40ರ ಉದ್ದಕ್ಕೂ ಇರೋ ಊರುಗಳಲ್ಲಿ ಗೂಡ್ಸ್ ರೈಲು ರಾತ್ರಿಯೆಲ್ಲ ಕೂಗುತ್ತವೆ. ಅಮ್ಮನಿಗೆ ಮಾತ್ರ ಆ ಕೂಗು ಕೇಳಿ ಅರಸೀಕೆರೆ ನೆನಪಾಗಿ ಚೆನ್ನಾಗಿ ನಿದ್ದೆ ಬಂತಂತೆ.

ಇಷ್ಟು ಮಾಡಿಯೂ ಎರಡು ರೂಮಿಗೆ ದುಡ್ಡು ಸಾಲದಿದ್ದರೆ ಪ್ರವಾಸವನ್ನ ಒಂದು ರಾತ್ರಿ ಕಮ್ಮಿ ಮಾಡಿ. ಎರಡು ರಾತ್ರಿ ಕದ್ದು ಮಲಗೋದಕ್ಕಿಂತ ಒಂದು ರಾತ್ರಿ ಕಾಲು ಚಾಚಿ ಮಲಗೋದು ಮೇಲು.

ಅಪ್ಪ ಅಮ್ಮ ಅಮೆರಿಕಕ್ಕೆ ಬಂದದ್ದು ಅದೊಂದೇ ಸಲ. ಕ್ಯಾನಿಯನ್ ಹೇಗಿತ್ತು ಅಂತ ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ "ದೊಡ್ಡದು" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅಮ್ಮ ಹೇಳೋದು ಆ ಗುಜರಾತಿ ಅಜ್ಜಿಯ ಚಹಾದ ಕತೆ. ಚಹಾಕ್ಕೆ ಶುಂಠಿ ಹಾಕಿದ್ದರು, ಸ್ವೆಟರ್ ಬಿಚ್ಚಿ ಕೊಟ್ಟರು, ಎಲ್ಲ ಹೇಳುತ್ತಾಳೆ. ತಾವು ಕಾರಲ್ಲಿ ಯಾಕೆ ಕೂತಿದ್ದೆವು ಅನ್ನೋದನ್ನ ಮಾತ್ರ ಇವತ್ತಿಗೂ ಯಾರಿಗೂ ಹೇಳಿಲ್ಲ. ಮಗನ ಮಾನ ಉಳಿಸುತ್ತಿದ್ದಾಳೆ. ಅದಕ್ಕೇ ನಾನೇ ಹೇಳಿಬಿಟ್ಟೆ.

ಗೆಳೆಯ ಈಗ ಎರಡು ರೂಮು ಬುಕ್ ಮಾಡಿದ್ದಾನಂತೆ, ಕೆಳಗಡೆಯೇ, ಮಧ್ಯೆ ಬಾಗಿಲಿರೋದು. ನೀವೇನಂತೀರಾ? ನಿಮ್ಮಲ್ಲೂ ಇಂಥದ್ದೊಂದು ಕತೆ ಇದ್ದೇ ಇರುತ್ತೆ. ಧೈರ್ಯ ಮಾಡಿ ಬರೆಯಿರಿ.